ಆಫೀಸಿನಿಂದ ನಿವೃತ್ತಿ, ಆಟಕ್ಕೆ ನೇಮಕ

ಬೆಂಗಳೂರಿನ ಕಂಪನಿಗಳು ನಾಲ್ಕೈದು ವರ್ಷ ದುಡಿಸಿಕೊಂಡು ಕೈಬಿಟ್ಟ ಡೆಸ್ಕ್‌ಟಾಪ್‌ಗಳು ಕೊನೆಗೆ ಎಲ್ಲಿಗೆ ಹೋಗುತ್ತವೆ? ಒಂದಷ್ಟು ಗುಜರಿಗೆ, ಒಂದಷ್ಟು ನಮ್ಮ ಕೋಲಾರದ ಕಡೆಗೆ. ಲಾಟಿನಲ್ಲಿ ಮಾರಾಟವಾದ ಈ ಪೆಟ್ಟಿಗೆಗಳು ಎಸ್.ಪಿ. ರಸ್ತೆಯಲ್ಲಿ ಧೂಳು ಒರೆಸಿಕೊಂಡು, ಹೊಸದಾಗಿ ವಿಂಡೋಸ್ ಹಾಕಿಸಿಕೊಂಡು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮನೆ ಸೇರುತ್ತವೆ. ಹೆಚ್ಚಿನವು ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ, ಲೆನೊವೊ ಥಿಂಕ್‌ಸೆಂಟರ್. ಒಳಗೆ ಇಂಟೆಲ್‌ನ 3ನೇ ಅಥವಾ 4ನೇ ತಲೆಮಾರಿನ ಐ5. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವುದಿಲ್ಲ. ಎಕ್ಸೆಲ್ ಶೀಟಿಗೂ ಇಮೇಲ್‌ಗೂ ಅದು ಬೇಕಾಗಿರಲಿಲ್ಲ.

ಕೊಳ್ಳುವಾಗ ಮನೆಯಲ್ಲಿ ಹೇಳುವ ಕಾರಣ ಓದು. ನುಡಿ ತಂತ್ರಾಂಶದಲ್ಲಿ ಟೈಪಿಂಗ್ ಕಲಿಯಬೇಕು, ಅರ್ಜಿ ಹಾಕಬೇಕು, ಪ್ರಾಜೆಕ್ಟ್ ಮಾಡಬೇಕು. ಅದೆಲ್ಲ ನಡೆಯುತ್ತದೆ, ಸುಳ್ಳಲ್ಲ. ಸಂಜೆಯಾದ ಮೇಲೆ ಅದೇ ಪೆಟ್ಟಿಗೆಯ ಮೇಲೆ ಜಿಟಿಎ, ಕ್ರಿಕೆಟ್ 07, ವ್ಯಾಲೊರಂಟ್ ಏರುತ್ತವೆ. ಆಗ ಗೋಳು ಶುರು. ಆಟ ಹ್ಯಾಂಗ್ ಆಗುತ್ತದೆ, ಕಾರು ತಿರುಗಿಸಿದರೆ ಪರದೆ ಅರ್ಧ ಸೆಕೆಂಡ್ ತಡವಾಗಿ ತಿರುಗುತ್ತದೆ. ರಿಪೇರಿ ಅಂಗಡಿಗೆ ಹೋದರೆ ಸಿಗುವ ಸಲಹೆ ಮೂರೇ: ಫಾರ್ಮ್ಯಾಟ್ ಮಾಡಿಸಿ, ರ‍್ಯಾಮ್ ಹಾಕಿಸಿ, ಗ್ರಾಫಿಕ್ಸ್ ಕಾರ್ಡ್ ಹಾಕಿಸಿ. ಮೊದಲನೆಯದು ಬಹುತೇಕ ವ್ಯರ್ಥ, ಉಳಿದೆರಡಕ್ಕೆ ದುಡ್ಡು ಬೇಕು. ಆಟವನ್ನು ಎಷ್ಟು ರೆಸಲ್ಯೂಶನ್‌ನಲ್ಲಿ ಓಡಿಸುತ್ತಿದ್ದೀರಿ ಎಂದು ಕೇಳುವವರು ಕಡಿಮೆ. ಬಿಡಿಗಾಸು ಖರ್ಚಿಲ್ಲದ ಉಪಾಯಕ್ಕೆ ಅಂಗಡಿಯಲ್ಲಿ ಗಿರಾಕಿಯೂ ಇಲ್ಲ, ಮಾರುವವನೂ ಇಲ್ಲ.

ಲೆಕ್ಕ ಸರಳ. 1920×1080ರ ಪರದೆಯಲ್ಲಿ 20,73,600 ಚುಕ್ಕಿಗಳಿವೆ. ಸೆಕೆಂಡಿಗೆ 60 ಚಿತ್ರ (ಫ್ರೇಮ್) ಬೇಕೆಂದರೆ ಗ್ರಾಫಿಕ್ಸ್ ಚಿಪ್ಪು ಸೆಕೆಂಡಿಗೆ 12 ಕೋಟಿ 44 ಲಕ್ಷ ಚುಕ್ಕಿಗಳ ಬಣ್ಣ ನಿರ್ಧರಿಸಬೇಕು. ಅದೂ ಒಂದೊಂದಕ್ಕೆ ಒಂದೇ ಸಲವಲ್ಲ. ಗೋಡೆಯ ಮುಂದೆ ಮರ, ಮರದ ಮುಂದೆ ಹೊಗೆ, ಹೊಗೆಯ ಮುಂದೆ ಮನುಷ್ಯ ಇದ್ದರೆ ಒಂದೇ ಚುಕ್ಕಿಗೆ ಹಲವು ಸಲ ಬಣ್ಣ ಬಳಿಯಬೇಕಾಗುತ್ತದೆ. 1280×720ಕ್ಕೆ ಇಳಿಸಿದರೆ ಚುಕ್ಕಿಗಳು 9,21,600, ಅಂದರೆ ಅರ್ಧಕ್ಕಿಂತ ಕಡಿಮೆ. 1024×768ಕ್ಕೆ 7,86,432. 800×600ಕ್ಕೆ 4,80,000, ಅಂದರೆ ಕಾಲು ಭಾಗಕ್ಕಿಂತಲೂ ಕಡಿಮೆ. ಆಟದ ಉಳಿದ ಯಾವ ಸೆಟ್ಟಿಂಗ್ ಬದಲಿಸಿದರೂ ಕೆಲಸ ಒಂದೇ ಏಟಿಗೆ ಇಷ್ಟು ತಗ್ಗುವುದು ಅಪರೂಪ.

ಇದು ಬಡವರ ಉಪಾಯ ಎಂದು ಯಾರಾದರೂ ಮೂಗು ಮುರಿದರೆ ಅವರಿಗೆ ಇತಿಹಾಸ ತೋರಿಸಬಹುದು. 1993ರ ಡಿಸೆಂಬರ್‌ನಲ್ಲಿ ಬಂದ ಡೂಮ್ ಓಡುತ್ತಿದ್ದದ್ದು 320×200ರಲ್ಲಿ, ಬರೀ 64,000 ಚುಕ್ಕಿಗಳು. ಅದೂ ಭಾರವಾದ 386 ಯಂತ್ರದವರಿಗೆ ಅದರ ನಿರ್ಮಾತೃಗಳೇ ಎರಡು ಬಾಗಿಲು ತೆರೆದಿಟ್ಟಿದ್ದರು. ಆಟದ ಕಿಟಕಿಯನ್ನೇ ಕುಗ್ಗಿಸಿ ಸುತ್ತ ಚೌಕಟ್ಟು ಬರುವಂತೆ ಮಾಡಬಹುದಿತ್ತು. ಇಲ್ಲವೇ ‘ಲೋ ಡೀಟೇಲ್’ ಆರಿಸಿ ಅಡ್ಡಸಾಲಿನ ಚುಕ್ಕಿಗಳನ್ನು ಅರ್ಧ ಮಾಡಬಹುದಿತ್ತು. ಇನ್ನು 2007ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಬಂದ ಹ್ಯಾಲೊ 3 ಒಳಗೊಳಗೆ ಚಿತ್ರ ಬರೆಯುತ್ತಿದ್ದದ್ದು 1152×640ರಲ್ಲಿ. ಎಚ್‌ಡಿ ಟಿವಿಯ ಮುಂದೆ ಕೂತ ಹೆಚ್ಚಿನವರಿಗೆ ಅದು ಹಿಗ್ಗಿಸಿದ ಚಿತ್ರ ಎಂದು ಗೊತ್ತೇ ಆಗಲಿಲ್ಲ. ಅಂದರೆ ದುಡ್ಡಿದ್ದ ಕಂಪನಿಗಳೂ ಮಾಡಿದ್ದು ಇದನ್ನೇ.

ನಮ್ಮೂರುಗಳ ಬ್ರೌಸಿಂಗ್ ಸೆಂಟರ್ ಕಾಲದಲ್ಲಿ ರೆಸಲ್ಯೂಶನ್‌ನ ಪ್ರಶ್ನೆ ಇಷ್ಟು ಕಾಡಲಿಲ್ಲ, ಅದಕ್ಕೊಂದು ತಾಂತ್ರಿಕ ಕಾರಣವಿದೆ. ವೈಸ್ ಸಿಟಿ ಪಿಸಿಗೆ ಬಂದದ್ದು 2003ರಲ್ಲಿ, ಸ್ಯಾನ್ ಆಂಡ್ರಿಯಾಸ್ 2005ರಲ್ಲಿ. ಆಗ ಮೇಜಿನ ಮೇಲಿದ್ದದ್ದು ದಪ್ಪ ಬೆನ್ನಿನ ಸಿಆರ್‌ಟಿ ಮಾನಿಟರ್. ಸಿಆರ್‌ಟಿಗೆ ‘ಇದೇ ನನ್ನ ರೆಸಲ್ಯೂಶನ್’ ಎಂಬ ಹಟವಿಲ್ಲ. ಎಲೆಕ್ಟ್ರಾನ್ ಕಿರಣ 480 ಗೆರೆ ಎಂದರೆ 480, 768 ಎಂದರೆ 768 ಎಳೆಯುತ್ತದೆ. ಆಟವನ್ನು 640×480ಕ್ಕೆ ಇಳಿಸಿದರೂ ಚಿತ್ರ ಒರಟಾಗುತ್ತಿತ್ತೇ ವಿನಾ ಮಸುಕಾಗುತ್ತಿರಲಿಲ್ಲ. ಲ್ಯಾನ್ ಹಾಕಿ ಕೌಂಟರ್ ಸ್ಟ್ರೈಕ್ 1.6 ಆಡುತ್ತಿದ್ದವರಿಗೆ 800×600 ಎಂದರೆ ಅದೇ ಸಹಜ ಸ್ಥಿತಿ, ರಾಜಿ ಅಲ್ಲ.

ಅದೇ ಕಾಲದ ಇನ್ನೊಂದು ಪಾಠವೂ ಮುಖ್ಯ. ಆಗ ಮನೆಮನೆಗೆ ಬಂದ ಇಂಟೆಲ್ 945 ಮದರ್‌ಬೋರ್ಡಿನ ಜಿಎಂಎ 950 ಗ್ರಾಫಿಕ್ಸ್, ಚುಕ್ಕಿಗೆ ಬಣ್ಣ ಬಳಿಯುವ ಕೆಲಸ ತಾನು ಮಾಡುತ್ತಿತ್ತು. ಆಕೃತಿಗಳ ಮೂಲೆ ಎಲ್ಲಿ ಬೀಳಬೇಕು ಎಂಬ ಜ್ಯಾಮಿತಿಯ ಲೆಕ್ಕವನ್ನು ಮಾತ್ರ ಪ್ರೊಸೆಸರ್ ಹೆಗಲಿಗೆ ಹೊರಿಸುತ್ತಿತ್ತು. ಹಾಗಾಗಿ ಕಟ್ಟಡ, ಕಾರು, ಜನ ತುಂಬಿದ ಬೀದಿಯಲ್ಲಿ ರೆಸಲ್ಯೂಶನ್ ಎಷ್ಟು ಇಳಿಸಿದರೂ ಆಟದ ವೇಗ ಏರುತ್ತಿರಲಿಲ್ಲ. ಇಳಿಸಿದ್ದು ತಪ್ಪಲ್ಲ, ಸುಸ್ತಾಗಿದ್ದವನು ಬೇರೆ.

ಇಡೀ ಪ್ರಶ್ನೆಯ ತಿರುಳು ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಸುಸ್ತಾಗಿರುವುದು ಯಾರು ಎಂದು ಮೊದಲು ತಿಳಿಯಬೇಕು. ಅದಕ್ಕೆ ಸಾಫ್ಟ್‌ವೇರ್ ಬೇಡ. ಆಟವನ್ನು ಅದು ಒಪ್ಪುವ ಅತಿ ಕಡಿಮೆ ರೆಸಲ್ಯೂಶನ್‌ಗೆ ಇಳಿಸಿ ಅದೇ ಜಾಗದಲ್ಲಿ ಐದು ನಿಮಿಷ ಆಡಿ. ಫ್ರೇಮ್‌ಗಳು ಎದ್ದುಕಾಣುವಷ್ಟು ಏರಿದರೆ ಸೋತದ್ದು ಗ್ರಾಫಿಕ್ಸ್. ಆಗ ಮೇಲಿನಿಂದ ಕೆಳಕ್ಕೆ ಒಂದೊಂದೇ ಮೆಟ್ಟಿಲು ಇಳಿದು ನಿಮ್ಮ ಕಣ್ಣಿಗೂ ಕೈಗೂ ಒಪ್ಪುವ ಕಡೆ ನಿಲ್ಲಬಹುದು. ಏರದಿದ್ದರೆ ಸೋತದ್ದು ಪ್ರೊಸೆಸರ್, ಇಲ್ಲವೇ ಆಟವೇ ತನಗೆ ಮೂಗುದಾರ ಹಾಕಿಕೊಂಡಿದೆ. ವೈಸ್ ಸಿಟಿಯಲ್ಲಿ ‘ಫ್ರೇಮ್ ಲಿಮಿಟರ್’ ಆನ್ ಇದ್ದರೆ ಸೆಕೆಂಡಿಗೆ 30ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಯಾವ ರೆಸಲ್ಯೂಶನ್ ಹಾಕಿದರೂ ಅಷ್ಟೇ. ಮೈನ್‌ಕ್ರಾಫ್ಟ್‌ನಲ್ಲಿ ದೊಡ್ಡ ಹೊರೆ ‘ರೆಂಡರ್ ಡಿಸ್ಟೆನ್ಸ್’. ಅದನ್ನು 12ರಿಂದ 6ಕ್ಕೆ ತಂದರೆ ಸಿಗುವ ಲಾಭ, ಪರದೆ ಇಳಿಸಿದರೆ ಸಿಗುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಹಳೆಯ ಸಿಎಸ್:ಗೋ ಜಾಗಕ್ಕೆ ಕೌಂಟರ್ ಸ್ಟ್ರೈಕ್ 2 ಬಂದಾಗ, ಹಿಂದಿನ ದಿನದವರೆಗೂ ಸುಖವಾಗಿ ಆಡುತ್ತಿದ್ದ ಹಳೆ ಯಂತ್ರದವರು ಒಮ್ಮೆಲೇ ಬೀದಿಗೆ ಬಿದ್ದರು. ಅಲ್ಲೂ ಅನೇಕರಿಗೆ ಅಡ್ಡ ನಿಂತದ್ದು ಪ್ರೊಸೆಸರ್.

ಈಗ ಮಾನಿಟರ್‌ಗೆ ಬರೋಣ. ಎಲ್‌ಸಿಡಿ ಪರದೆಯ ಚುಕ್ಕಿಗಳು ಗಾಜಿನ ಹಿಂದೆ ಎಣಿಸಿ ಕೂರಿಸಿದಂಥವು. 1366×768ರ ಪರದೆಗೆ 1024×768 ಕೊಟ್ಟರೆ ಅದು ಅಗಲಕ್ಕೆ ಎಳೆಯುತ್ತದೆ. ಒಂದು ಚುಕ್ಕಿಯನ್ನು ಒಂದೂ ಕಾಲು ಚುಕ್ಕಿಗಿಂತ ಹೆಚ್ಚು ಜಾಗಕ್ಕೆ ಹರಡಲು ಅಕ್ಕಪಕ್ಕದ ಬಣ್ಣ ಬೆರೆಸುತ್ತದೆ. ಮಸುಕು ಬರುವುದು ಹೀಗೆ. ಜೊತೆಗೆ ಎಲ್ಲರೂ ದಪ್ಪಗಾಗುತ್ತಾರೆ. 2006ಕ್ಕೆ ಮುಂಚಿನ ಆಟಗಳಲ್ಲಿ ಹೆಚ್ಚಿನವು 4:3 ಪರದೆಗೆಂದೇ ಮಾಡಿದವು, ಅವುಗಳಲ್ಲಿ ಈ ಬೊಜ್ಜು ಹೆಚ್ಚು ಕಾಣಸಿಗುತ್ತದೆ. ಇದಕ್ಕೆ ಪರಿಹಾರ ಇಂಟೆಲ್ ಗ್ರಾಫಿಕ್ಸ್ ಕಂಟ್ರೋಲ್ ಪ್ಯಾನಲ್‌ನಲ್ಲೇ ಇದೆ. ‘ಸ್ಕೇಲ್ ಫುಲ್ ಸ್ಕ್ರೀನ್’ ಬದಲು ‘ಮೇಂಟೇನ್ ಆಸ್ಪೆಕ್ಟ್ ರೇಶಿಯೊ’ ಎಂದು ಕೊಟ್ಟರೆ ಎರಡೂ ಬದಿಗೆ ಕಪ್ಪು ಪಟ್ಟಿ ಬಂದು ನಡುವೆ ಚಿತ್ರ ಸರಿಯಾದ ಆಕಾರದಲ್ಲಿ ನಿಲ್ಲುತ್ತದೆ. ಕೌಂಟರ್ ಸ್ಟ್ರೈಕ್‌ನ ವೃತ್ತಿಪರರಲ್ಲಿ ಅನೇಕರು ಬೇಕೆಂದೇ 1280×960 ಹಾಕಿ ಅಗಲಕ್ಕೆ ಎಳೆದು ಆಡುತ್ತಾರೆ. ಎದುರಾಳಿ ಅಗಲವಾಗಿ ಕಾಣುತ್ತಾನೆ ಎಂಬುದು ಅವರ ವಾದ. ಅವರ ಯಂತ್ರಗಳು ನಮ್ಮವಲ್ಲ, ಆದರೂ ಅವರ ಚಟ ನಮಗೆ ಅನುಕೂಲದ್ದೇ.

ಕಂಪನಿಗಳು ಬಿಟ್ಟ 17 ಇಂಚಿನ ಚೌಕ ಮಾನಿಟರ್‌ಗಳನ್ನು ಇಂದಿನವರು ಕೀಳಾಗಿ ಕಾಣುತ್ತಾರೆ. ಅವು 1280×1024ರವು. ಹಳೆಯ ಆಟ ಆಡುವವರಿಗೆ ಅದೊಂದು ವರ ಎಂಬುದು ನನ್ನ ಪಕ್ಷಪಾತ. 1024×768 ಆಗಲಿ 800×600 ಆಗಲಿ ಬಹುಮಟ್ಟಿಗೆ ಆಕಾರ ಕೆಡದೆ ಕೂರುತ್ತದೆ. 1080ರ ಪರದೆ ಇರುವವರು 1280×720 ಅಥವಾ 1600×900 ಹಿಡಿಯುವುದು ಒಳ್ಳೆಯದು, ಎರಡೂ ಅದೇ 16:9. ಸರಿಯಾಗಿ ಅರ್ಧವಾದ 960×540ರಲ್ಲಿ ಒಂದು ಚುಕ್ಕಿ ನಾಲ್ಕಾಗಿ ಅಚ್ಚುಕಟ್ಟಾಗಿ ಕೂರಬೇಕಿತ್ತು. ಹಾಗೆ ಬೆರಕೆಯಿಲ್ಲದೆ ಹಿಗ್ಗಿಸುವ ಸೌಲಭ್ಯವನ್ನು ಇಂಟೆಲ್ ಮತ್ತು ಎನ್‌ವಿಡಿಯಾ 2019ರಲ್ಲಷ್ಟೇ, ಅದೂ ಆಗಿನ ಹೊಸ ಚಿಪ್ಪುಗಳಿಗಷ್ಟೇ ಕೊಟ್ಟವು. ನಮ್ಮ ಪೆಟ್ಟಿಗೆಗಳಿಗೆ ಅದು ದಕ್ಕಲಿಲ್ಲ.

ಇಲ್ಲಿ ಮನೆಮನೆಯಲ್ಲಿ ಆಗುವ ಒಂದು ಜಗಳದ ಮಾತು ಹೇಳಬೇಕು. ಇಳಿಸಬೇಕಾದದ್ದು ಆಟದ ರೆಸಲ್ಯೂಶನ್, ಡೆಸ್ಕ್‌ಟಾಪ್‌ನದ್ದಲ್ಲ. ಹುಡುಗರು ಅವಸರದಲ್ಲಿ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೇ ಹೋಗಿ 800×600 ಮಾಡಿ ಎದ್ದು ಹೋಗುತ್ತಾರೆ. ಬೆಳಗ್ಗೆ ಅದೇ ಕಂಪ್ಯೂಟರ್ ಮುಂದೆ ನುಡಿಯಲ್ಲಿ ಪತ್ರ ಟೈಪ್ ಮಾಡಲು ಕೂತ ಅಕ್ಕನಿಗೋ ಅಪ್ಪನಿಗೋ ಕಣ್ಣು ಕತ್ತಲೆ ಬರುತ್ತದೆ. ಇಂಗ್ಲಿಷ್ ಅಕ್ಷರ ಮಸುಕಾದರೂ ಓದಬಹುದು. ಕನ್ನಡದ ಒತ್ತಕ್ಷರ ಹಾಗಲ್ಲ. ‘ಸ್ತ್ರೀ’ಯ ಕೆಳಗಿನ ಎರಡು ಒತ್ತುಗಳೂ ಪಕ್ಕದ ದೀರ್ಘವೂ ಸೇರಿ ಒಂದು ಕಪ್ಪು ಮುದ್ದೆಯಾಗುತ್ತವೆ, ಪ ಮತ್ತು ಷ ನಡುವಿನ ಒಂದು ಗೆರೆಯ ವ್ಯತ್ಯಾಸ ಮಾಯವಾಗುತ್ತದೆ. ಪಹಣಿಯಲ್ಲಿ ಸರ್ವೆ ನಂಬರ್ ಓದುವವರಿಗೆ ಇದು ಸಣ್ಣ ತೊಂದರೆಯಲ್ಲ. ಆಟದೊಳಗಿನ ವಿಡಿಯೊ ಮೆನುವಿನಲ್ಲಿ ಇಳಿಸಿದರೆ ಆಟ ಮುಚ್ಚಿದೊಡನೆ ಪರದೆ ಮೊದಲಿನಂತಾಗುತ್ತದೆ. ತೀರಾ ಹಳೆಯ ಆಟಕ್ಕೆ ಅಂಥ ಮೆನು ಇಲ್ಲದಿದ್ದರೆ, ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ವಿಭಾಗದಲ್ಲಿ 640×480ರಲ್ಲಿ ಓಡಿಸುವ ಚೌಕಕ್ಕೆ ಗುರುತು ಹಾಕಿದರೆ ಸಾಕು.

ಒಂದು ಬಲೆ ಇದೆ. ಹೊಸ ಆಟಗಳು ಸಾಮಾನ್ಯವಾಗಿ ‘ಬಾರ್ಡರ್‌ಲೆಸ್’ ಕಿಟಕಿಯಾಗಿ ತೆರೆದುಕೊಳ್ಳುತ್ತವೆ. ಆಗ ಹಲವು ಆಟಗಳು ಡೆಸ್ಕ್‌ಟಾಪ್‌ನ ರೆಸಲ್ಯೂಶನ್ನನ್ನೇ ಹಿಡಿದಿರುತ್ತವೆ, ಮೆನುವಿನಲ್ಲಿ ನೀವು ಏನು ಬದಲಿಸಿದರೂ ಕೆಳಗಿನ ಕೆಲಸ ತಗ್ಗುವುದಿಲ್ಲ. ‘ಫುಲ್ ಸ್ಕ್ರೀನ್’ ಎಂದು ಕೊಟ್ಟ ಮೇಲೆ ಇಳಿಸಬೇಕು. ರೆಸಲ್ಯೂಶನ್ ಇಳಿಸಿದೆ, ಏನೂ ಪ್ರಯೋಜನವಾಗಲಿಲ್ಲ ಎನ್ನುವವರಲ್ಲಿ ಒಂದು ಪಾಲು ಈ ಬಲೆಗೆ ಬಿದ್ದವರು. ಆಟದಲ್ಲಿ ‘ರೆಂಡರ್ ಸ್ಕೇಲ್’ ಎಂಬ ಪಟ್ಟಿ ಇದ್ದರೆ ಇನ್ನೂ ವಾಸಿ. ಅದನ್ನು ಶೇಕಡ 70ಕ್ಕೆ ತಂದರೆ ಮೂರು ಆಯಾಮದ ಚಿತ್ರ ಮಾತ್ರ ಕಡಿಮೆ ಚುಕ್ಕಿಗಳಲ್ಲಿ ತಯಾರಾಗುತ್ತದೆ, ಅಂಕಿ, ಅಕ್ಷರ, ನಕ್ಷೆ ಪೂರ್ತಿ ಸ್ಪಷ್ಟವಾಗಿ ಉಳಿಯುತ್ತವೆ. ಶೇಕಡ 70 ಎಂದರೆ ಉದ್ದಕ್ಕೂ ಅಗಲಕ್ಕೂ 70, ಹಾಗಾಗಿ ಚುಕ್ಕಿಗಳ ಒಟ್ಟು ಲೆಕ್ಕ ಸುಮಾರು ಅರ್ಧವಾಗುತ್ತದೆ.

ರ‍್ಯಾಮ್ ವಿಷಯದಲ್ಲಿ ಅಂಗಡಿಯವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಆದರೆ ಅವರು ಹೇಳುವ ಕಾರಣ ಬೇರೆ, ನಿಜವಾದ ಕಾರಣ ಬೇರೆ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. ಪ್ರೊಸೆಸರ್‌ನ ರ‍್ಯಾಮನ್ನೇ ಅದೂ ಹಂಚಿಕೊಳ್ಳುತ್ತದೆ, ಒಂದೇ ಬೋರ್‌ವೆಲ್ಲಿನ ಮೇಲೆ ಅಣ್ಣತಮ್ಮಂದಿರ ಎರಡು ಟೊಮೆಟೊ ತೋಟ ನಿಂತ ಹಾಗೆ. ಡಿಡಿಆರ್3-1600ರ ಒಂದೇ ಕಡ್ಡಿ ಇದ್ದರೆ ಸೆಕೆಂಡಿಗೆ ಗರಿಷ್ಠ 12.8 ಜಿಬಿ ಹರಿಯುತ್ತದೆ. ಅದನ್ನೇ ಎರಡು ಕಡ್ಡಿಯಾಗಿ ಸರಿಯಾದ ಜೋಡಿ ಸ್ಲಾಟ್‌ಗಳಲ್ಲಿ ಹಾಕಿದರೆ 25.6 ಜಿಬಿ. 1080ರ ಒಂದು ಚಿತ್ರ ಸುಮಾರು 8.3 ಎಂಬಿ. ಪರದೆಗೆ 60 ಸಲ ಕಳಿಸುವುದಕ್ಕೇ ಸೆಕೆಂಡಿಗೆ 500 ಎಂಬಿ ಹತ್ತಿರ ಹೋಗುತ್ತದೆ, ಚಿತ್ರ ತಯಾರಿಸುವ ಓಡಾಟ ಅದರ ಹಲವು ಪಟ್ಟು. ಹಾಗಾಗಿ 8 ಜಿಬಿಯ ಒಂದು ಕಡ್ಡಿಗಿಂತ 4 ಜಿಬಿಯ ಎರಡು ಕಡ್ಡಿ ಮೇಲು. ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ ಕೊಳ್ಳುವಾಗ ಮುಚ್ಚಳ ತೆಗೆಸಿ ನೋಡಬೇಕಾದದ್ದು ಇದನ್ನು. ರೆಸಲ್ಯೂಶನ್ ಇಳಿಸಿದಾಗ ತಗ್ಗುವ ಹೊರೆಯಲ್ಲಿ ದೊಡ್ಡ ಪಾಲು ಈ ಓಡಾಟದ್ದೇ.

ಐ5 ಎಂಬ ಸ್ಟಿಕ್ಕರ್ ನೋಡಿ ಮರುಳಾಗುವುದೂ ಬೇಡ. ಆಪ್ಟಿಪ್ಲೆಕ್ಸ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಐ5-3470ರ ಒಳಗಿರುವುದು ಎಚ್‌ಡಿ 2500, ಅದರಲ್ಲಿ ಚಿತ್ರ ಬರೆಯುವ ಘಟಕಗಳು 6. ಅದಕ್ಕಿಂತ ಕೆಳಗಿನ ದರ್ಜೆಯ ಐ3-3225ರಲ್ಲಿ ಎಚ್‌ಡಿ 4000 ಇದೆ, ಘಟಕಗಳು 16. 4ನೇ ತಲೆಮಾರಿನ ಐ5-4590ರ ಎಚ್‌ಡಿ 4600ರಲ್ಲಿ 20. ವ್ಯಾಲೊರಂಟ್ ಸೆಕೆಂಡಿಗೆ 30 ಫ್ರೇಮ್‌ಗೆ ಕನಿಷ್ಠ ಎಚ್‌ಡಿ 4000 ಕೇಳುತ್ತದೆ. ನಾಲ್ಕನೇ ತಲೆಮಾರಿನವರು 720ಕ್ಕೆ ಇಳಿಸಿ ಅದನ್ನು ಮಾನವಾಗಿ ಆಡಬಹುದು. 2500ರವರು ಎಷ್ಟು ಇಳಿಸಿದರೂ ತಿಣುಕಾಟ ತಪ್ಪದು.

ಇಳಿಸುವ ಮುನ್ನ ಆಟದ ಇತರ ಹೊರೆಗಳನ್ನೂ ನೋಡಬೇಕು. ಆ್ಯಂಟಿ-ಅಲಿಯಾಸಿಂಗ್ ಮೊದಲು ತೆಗೆಯಿರಿ, ನಂತರ ನೆರಳು. ಟೆಕ್ಸ್ಚರ್ ಮಟ್ಟ ಮೆಮೊರಿ ಇರುವಷ್ಟು ಕಾಲ ಮಧ್ಯಮದಲ್ಲೇ ಇರಲಿ, ಅದನ್ನು ಇಳಿಸಿ ಗೋಡೆಗಳನ್ನು ಸುಣ್ಣದ ನೀರಿನಂತೆ ಮಾಡಿಕೊಳ್ಳುವುದು ಸುಮ್ಮನೆ ನಷ್ಟ. ಇಷ್ಟಾದ ಮೇಲೂ ಆಡುತ್ತ ಆಡುತ್ತ ಒಮ್ಮೊಮ್ಮೆ ಗಕ್ಕನೆ ನಿಂತು ಹೊರಡುತ್ತಿದ್ದರೆ ಅದು ಹಾರ್ಡ್ ಡಿಸ್ಕ್ ತಡಕಾಡುವ ಲಕ್ಷಣ. ಅದಕ್ಕೆ ಮದ್ದು ಎಸ್‌ಎಸ್‌ಡಿ.

ಮತ್ತೊಂದು ಲಕ್ಷಣ ನಮ್ಮ ಸೀಮೆಗೇ ಸೇರಿದ್ದು. ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಮಂದವಾದರೆ ಅದು ಬಿಸಿ. ಮಾಲೂರಿನ ಇಟ್ಟಿಗೆ ಹೆಂಚಿನ ಧೂಳು, ಟೇಕಲ್ ಕಡೆಯ ಕಲ್ಲುಪುಡಿ, ಬೇಸಿಗೆಯ ಕೆಮ್ಮಣ್ಣು ಎಲ್ಲವೂ ಆ ಸಣ್ಣ ಫ್ಯಾನಿನ ರೆಕ್ಕೆಯಲ್ಲಿ ಪದರಗಟ್ಟುತ್ತವೆ. ಪ್ರೊಸೆಸರ್ ತನ್ನ ಜೀವ ಉಳಿಸಿಕೊಳ್ಳಲು ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಹತ್ತು ವರ್ಷ ಹಳೆಯ ಯಂತ್ರದಲ್ಲಿ ಥರ್ಮಲ್ ಪೇಸ್ಟ್ ಒಣಗಿ ಹಕ್ಕಳೆಯಾಗಿರುತ್ತದೆ. ಧೂಳು ಊದಿಸಿ ಪೇಸ್ಟ್ ಹಚ್ಚಿಸುವುದಕ್ಕೆ ಮಾತ್ರ ಅಂಗಡಿಗೆ ಖುಷಿಯಿಂದ ದುಡ್ಡು ಕೊಡಬಹುದು. ಲ್ಯಾಪ್‌ಟಾಪ್ ಆದರೆ ಕರೆಂಟ್ ಹೋದೊಡನೆ ಬ್ಯಾಟರಿ ಉಳಿಸಲು ಎಲ್ಲವೂ ನಿಧಾನವಾಗುತ್ತದೆ, ಆಟ ಕುಂಟುತ್ತದೆ. ಆಗ ತಾತ್ಕಾಲಿಕವಾಗಿ ಒಂದು ಮೆಟ್ಟಿಲು ಇಳಿಸಿಕೊಳ್ಳುವುದು ಲೋಡ್‌ಶೆಡ್ಡಿಂಗ್ ಊರಿನವರು ಕಲಿತಿರಬೇಕಾದ ವಿದ್ಯೆ.

ಈಗೀಗ ಹುಡುಗರ ಬಾಯಲ್ಲಿ ಎಫ್‌ಎಸ್‌ಆರ್, ಡಿಎಲ್‌ಎಸ್‌ಎಸ್ ಎಂಬ ಹೆಸರುಗಳಿವೆ. ಎರಡರ ತತ್ವವೂ ಕಡಿಮೆ ಚುಕ್ಕಿಗಳಲ್ಲಿ ಬರೆದು ಜಾಣತನದಿಂದ ಹಿಗ್ಗಿಸುವುದು. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್‌ಗೆ ಆರ್‌ಟಿಎಕ್ಸ್ ಕಾರ್ಡ್ ಬೇಕು, ಆದ್ದರಿಂದ ಇಲ್ಲಿ ಅದರ ಮಾತು ಮುಗಿಯಿತು. ಎಎಂಡಿ 2021ರ ಜೂನ್‌ನಲ್ಲಿ ಬಿಟ್ಟ ಎಫ್‌ಎಸ್‌ಆರ್ ಯಾವ ಕಂಪನಿಯ ಕಾರ್ಡ್ ಎಂದು ಕೇಳುವುದಿಲ್ಲ, ಹಳೆಯ ಚಿಪ್ಪುಗಳ ಮೇಲೂ ನಡೆಯುತ್ತದೆ. ಆದರೆ ಅದನ್ನು ಮಾಡಿದ್ದು ದೊಡ್ಡ ಪರದೆಗಳಿಗೆ. 4ಕೆ ಪರದೆಯ ‘ಪರ್ಫಾರ್ಮೆನ್ಸ್’ ಮಟ್ಟದಲ್ಲಿ ಅದಕ್ಕೆ ಸಿಗುವ ಕಚ್ಚಾವಸ್ತು 1080ರ ಚಿತ್ರ. ನಮ್ಮ 1366×768ರಲ್ಲಿ ಅದೇ ಮಟ್ಟಕ್ಕೆ ಸಿಗುವುದು 683×384. ಇಲ್ಲದ ವಿವರವನ್ನು ಅದು ಎಲ್ಲಿಂದ ತಂದೀತು? ಜೊತೆಗೆ ಹಿಗ್ಗಿಸುವ ಕೆಲಸಕ್ಕೇ ಸ್ವಲ್ಪ ಸಮಯ ಹಿಡಿಯುತ್ತದೆ, ಎಚ್‌ಡಿ 4600ರಂಥ ಚಿಪ್ಪಿಗೆ ಆ ಸ್ವಲ್ಪವೂ ಭಾರ. ಇದ್ದರೆ ‘ಕ್ವಾಲಿಟಿ’ಯಲ್ಲಿ ಒಮ್ಮೆ ನೋಡಿ, ಇಲ್ಲದಿದ್ದರೆ ಕೊರಗಬೇಡಿ.

ಮೊಬೈಲ್ ಆಟವನ್ನು ಕಂಪ್ಯೂಟರ್‌ನಲ್ಲಿ ಆಡುವವರ ಗುಂಪು ದೊಡ್ಡದು. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಗಿ, 2021ರಲ್ಲಿ ಬಿಜಿಎಂಐ ಆಗಿ ಮರಳಿತು. ಹೆಬ್ಬೆರಳಿನಲ್ಲಿ ಆಡುವ ಇಂಥ ಆಟಗಳನ್ನು ಕೀಬೋರ್ಡಿಗೆ ತರುವ ಆಸೆಯಿಂದ ಬ್ಲೂಸ್ಟ್ಯಾಕ್ಸ್‌ನಂಥ ಎಮ್ಯುಲೇಟರ್ ಹಾಕುತ್ತಾರೆ. ಇಲ್ಲಿ ರೆಸಲ್ಯೂಶನ್ ಎರಡು ಕಡೆ ಕೂತಿದೆ, ಆಟದೊಳಗೆ ಒಂದು, ಎಮ್ಯುಲೇಟರ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಇನ್ನೊಂದು. ಎಮ್ಯುಲೇಟರ್‌ನದ್ದನ್ನು 960×540ಕ್ಕೆ ತಂದು ಡಿಪಿಐ 160ಕ್ಕೆ ಇಳಿಸಿದರೆ ಹಗುರಾಗುತ್ತದೆ. ಅದಕ್ಕೂ ಮುಂಚೆ ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಆಗಿದೆಯೇ ನೋಡಬೇಕು. ಅದು ಮುಚ್ಚಿದ್ದರೆ ಉಳಿದದ್ದೆಲ್ಲ ದಂಡ. ಗೇಮ್ ಬೂಸ್ಟರ್ ಎಂದು ಮಿನುಗುವ ಸಾಫ್ಟ್‌ವೇರ್‌ಗಳ ಬಗ್ಗೆ ಒಂದೇ ಮಾತು: ಚುಕ್ಕಿಯ ಲೆಕ್ಕವನ್ನು ಅವು ಬದಲಿಸುವುದಿಲ್ಲ, ಕೆಲವು ಜಾಹೀರಾತು ತಂದು ಕೂರಿಸುತ್ತವೆ.

ಗ್ರಾಫಿಕ್ಸ್ ಕಾರ್ಡ್ ಹಾಕಿಸಲೇಬೇಕು ಎನ್ನುವವರು ಪೆಟ್ಟಿಗೆಯ ಗಾತ್ರ ನೋಡಿಕೊಳ್ಳಲಿ. ಆಫೀಸಿನ ಚಪ್ಪಟೆ ಪೆಟ್ಟಿಗೆಗಳಿಗೆ ಗಿಡ್ಡ ಕಾರ್ಡ್ ಮಾತ್ರ ಹಿಡಿಸುತ್ತದೆ, ಪವರ್ ಸಪ್ಲೈ 240–255 ವ್ಯಾಟ್. ಸ್ಲಾಟ್‌ನಿಂದಲೇ 75 ವ್ಯಾಟ್ ಒಳಗೆ ಬದುಕುವ ಜಿಟಿ 1030 ಅಥವಾ ಗಿಡ್ಡ 1050 ಟಿಐ ಅದಕ್ಕೆ ಒಗ್ಗುತ್ತವೆ. ಹೊಳೆಯುವ ದೊಡ್ಡ ಕಾರ್ಡ್ ತಂದು ಮುಚ್ಚಳ ತೆರೆದೇ ಇಟ್ಟು ಓಡಿಸುವ ಸಾಹಸ ನಮ್ಮ ಧೂಳಿಗೆ ಆಗಿಬರುವುದಿಲ್ಲ.

ರೆಸಲ್ಯೂಶನ್ ಇಳಿಸಿ ದಾಟಲಾಗದ ಗೋಡೆಗಳೂ ಈಗ ಎದ್ದಿವೆ. ಭದ್ರತಾ ದೋಷ ಕಂಡುಬಂದದ್ದರಿಂದ ಇಂಟೆಲ್ ತನ್ನ 4ನೇ ತಲೆಮಾರಿನ ಗ್ರಾಫಿಕ್ಸ್‌ನ ಹೊಸ ಡ್ರೈವರ್‌ಗಳಲ್ಲಿ ಡೈರೆಕ್ಟ್‌ಎಕ್ಸ್ 12 ಬೆಂಬಲವನ್ನೇ ತೆಗೆದುಹಾಕಿತು. ಅದನ್ನೇ ಕೇಳುವ ಆಟ 640×480ರಲ್ಲೂ ತೆರೆಯುವುದಿಲ್ಲ. 2025ರ ಡೂಮ್: ದ ಡಾರ್ಕ್ ಏಜಸ್‌ಗೆ ರೇ ಟ್ರೇಸಿಂಗ್ ಬಲ್ಲ ಕಾರ್ಡ್ ಕಡ್ಡಾಯ. ಕಿಟಕಿ ಕುಗ್ಗಿಸಿ ಆಡಿ ಎಂದು 1993ರಲ್ಲಿ ಹೇಳಿದ ಮನೆಯಿಂದಲೇ ಬಂದ ಆಟ ಇದು. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಇರಬೇಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಮೇಲಿನದನ್ನಷ್ಟೇ ಒಪ್ಪುತ್ತದೆ. ಹಾಗಾಗಿ ಬೆಂಗಳೂರಿನ ಆಫೀಸುಗಳಿಂದ ಈಗ 6 ಮತ್ತು 7ನೇ ತಲೆಮಾರಿನ ಪೆಟ್ಟಿಗೆಗಳು ಹೊರಬೀಳುವ ಸರದಿ. ಅವುಗಳ ಎಚ್‌ಡಿ 530, 630 ಗ್ರಾಫಿಕ್ಸ್‌ಗೆ ಡೈರೆಕ್ಟ್‌ಎಕ್ಸ್ 12 ಇದೆ, ಬಹುಪಾಲಿಗೆ ಡಿಡಿಆರ್4 ರ‍್ಯಾಮ್ ಇದೆ. ಎರಡು ಕಡ್ಡಿ ರ‍್ಯಾಮ್, ಒಂದು ಎಸ್‌ಎಸ್‌ಡಿ, 720ರ ಸೆಟ್ಟಿಂಗ್ ಇಷ್ಟಿದ್ದರೆ ನಾಲ್ಕನೆಯ ತಲೆಮಾರಿಗಿಂತ ಕೈತುಂಬ ಆಟ ಸಿಗುತ್ತದೆ. ವಿಂಡೋಸ್ 10ರ ಬೆಂಬಲ ಮುಗಿದಿರುವುದರಿಂದ ಇಂಟರ್ನೆಟ್ ಬ್ಯಾಂಕಿಂಗ್ ಮಾತ್ರ ಅದರಲ್ಲಿ ಮಾಡದೆ ಫೋನಿಗೆ ಬಿಡುವುದು ಕ್ಷೇಮ.